ಮಗು ನೋವು ಅಂದಾಗ ನಂಬೋಕೆ ಎಷ್ಟು ವರ್ಷ ಬೇಕಾಯ್ತು?

ಭಾಗ 1/9 | ಇರುವೆ ಕಚ್ಚಿದ ಹಾಗೆ

"ಏನೂ ಆಗಲ್ಲ ಪುಟ್ಟಾ, ಇರುವೆ ಕಚ್ಚಿದ ಹಾಗೆ ಅಷ್ಟೇ."

ಇಂಜೆಕ್ಷನ್ ರೂಮಿನ ಬಾಗಿಲಲ್ಲಿ ಈ ಮಾತು ಕೇಳದೆ ದೊಡ್ಡವರಾದವರು ನಮ್ಮಲ್ಲಿ ಯಾರಾದ್ರೂ ಇದ್ದೀರಾ? ಒಬ್ಬರು ಕೈ ಹಿಡ್ಕೊಳ್ತಾರೆ, ಇನ್ನೊಬ್ಬರು ಕಾಲು ಹಿಡ್ಕೊಳ್ತಾರೆ, ಮೂರನೆಯವರು ಸೂಜಿ ಚುಚ್ತಾರೆ. ಅತ್ತರೆ "ಇಷ್ಟು ದೊಡ್ಡವನಾಗಿ ಅಳ್ತೀಯಾ?" ಅಂತ ಬೈಗುಳ. ಮನೇಲಿ ಊಟ ಬಿಟ್ಟರೆ "ಇರು, ಡಾಕ್ಟರ್ ಹತ್ರ ಇಂಜೆಕ್ಷನ್ ಹಾಕಿಸ್ತೀನಿ" ಅನ್ನೋ ಬೆದರಿಕೆ ಬೇರೆ. ಇದು ಯಾರ ಮೇಲಿನ ದೂರೂ ಅಲ್ಲ. ಎಲ್ಲರ ಮನೆ ಕಥೆ.

ಈಗ ಇನ್ನೊಂದು ದೃಶ್ಯ. ಆಸ್ಪತ್ರೆ ಬೆಡ್ ಮೇಲೆ ಒಂದು ಮಗು. ಕಣ್ಣಿಗೆ ದೊಡ್ಡ ವಿಆರ್ ಹೆಡ್‌ಸೆಟ್. ಮಗು ತಲೆ ಆಚೆ ಈಚೆ ತಿರುಗಿಸ್ತಾ ಏನನ್ನೋ ನೋಡಿ ನಗ್ತಾ ಇದೆ. ಅತ್ತ ನರ್ಸ್ ಕೈಗೆ ಸೂಜಿ ಹಾಕಿ ಮುಗಿಸಿಯೂ ಆಯ್ತು. ಇಂಥ ರೀಲ್ಸ್ ನಿಮ್ಮ ಫೀಡಲ್ಲೂ ಬಂದಿರತ್ತೆ. ಕೆಳಗೆ ಕಾಮೆಂಟ್ ಏನಿರತ್ತೆ? "ಟೆಕ್ನಾಲಜಿ ಅಂದ್ರೆ ಇದು!"

ಟೆಕ್ನಾಲಜಿ ಹೌದು. ಆದರೆ ಇದರ ಇತಿಹಾಸ ಓದ್ತಾ ಹೋದಾಗ ನನಗೆ ಅನ್ನಿಸಿದ್ದು ಬೇರೆ. ಹೆಡ್‌ಸೆಟ್ ಈ ಕಥೆಯ ಕೊನೆಯ ಅಧ್ಯಾಯ. ಅದಕ್ಕೂ ಮೊದಲು ಹಲವು ದಶಕ ಒಂದೇ ಒಂದು ವಿಷಯಕ್ಕೆ ಜಗಳ ನಡೆದಿದೆ: ಮಗು "ನೋವಾಗ್ತಿದೆ" ಅಂದಾಗ ಅದನ್ನ ನಂಬಬೇಕೋ ಬೇಡವೋ?

ಆ ಜಗಳದ ಕಥೆಯನ್ನ ಒಂಬತ್ತು ಭಾಗಗಳಲ್ಲಿ ಹೇಳ್ತೀನಿ. ಉದ್ದ ಇದೆ, ಬಸ್ಸಲ್ಲಿ ಕೂತು ಓದಿ. ಸೇವ್ ಮಾಡ್ಕೊಂಡ್ರೂ ಆಯ್ತು.

ಭಾಗ 2/9 | ಗಡಿಯಾರ ಇಟ್ಕೊಂಡು ತೆಗೆದ ಸಿನಿಮಾ

1952, ಲಂಡನ್. ಜೇಮ್ಸ್ ರಾಬರ್ಟ್‌ಸನ್ ಅನ್ನೋರು ಟ್ಯಾವಿಸ್ಟಾಕ್ ಕ್ಲಿನಿಕ್‌ನಲ್ಲಿ ಕೆಲಸ ಮಾಡ್ತಿದ್ದರು. ಆ ಕಾಲದಲ್ಲಿ ಇಂಗ್ಲೆಂಡಿನ ಎಷ್ಟೋ ಆಸ್ಪತ್ರೆಗಳಲ್ಲಿ ಮಗು ಅಡ್ಮಿಟ್ ಆದರೆ ತಂದೆ ತಾಯಿ ಜೊತೆಗೆ ಇರೋ ಹಾಗಿರಲಿಲ್ಲ. ಕೆಲವು ಕಡೆ ವಾರಕ್ಕೊಮ್ಮೆ ಮಾತ್ರ ಭೇಟಿ, ಅದೂ ಒಂದೆರಡು ಗಂಟೆ. ಅದಕ್ಕೆ ಕೊಡ್ತಿದ್ದ ಕಾರಣ ಏನು ಗೊತ್ತಾ? "ಅಮ್ಮನ್ನ ನೋಡಿದರೆ ಮಕ್ಕಳು ಅಳ್ತಾರೆ. ನೋಡದೇ ಇದ್ದರೆ ಎರಡು ದಿನದಲ್ಲಿ ಹೊಂದ್ಕೊಂಡು ಸುಮ್ಮನಾಗ್ತಾರೆ."

ರಾಬರ್ಟ್‌ಸನ್ ಹೇಳಿದ್ದು, ಆ ಮಕ್ಕಳು ಹೊಂದ್ಕೊಂಡಿಲ್ಲ, ಆಸೆ ಬಿಟ್ಟಿದ್ದಾರೆ ಅಂತ. ಬಾಯಲ್ಲಿ ಹೇಳಿದರೆ ಯಾರೂ ಕೇಳಲಿಲ್ಲ. ಹಾಗಾಗಿ ಒಂದು ಕ್ಯಾಮೆರಾ ತಗೊಂಡು, ಹರ್ನಿಯಾ ಆಪರೇಷನ್‌ಗೆ ಬಂದ ಎರಡು ವರ್ಷ ದಾಟಿದ ಹುಡುಗಿಯೊಬ್ಬಳ ಎಂಟು ದಿನದ ಆಸ್ಪತ್ರೆ ವಾಸವನ್ನ ಚಿತ್ರೀಕರಿಸಿದರು. "ಅಳುವ ದೃಶ್ಯ ಮಾತ್ರ ಆರಿಸಿ ಹಾಕಿದ್ದೀರಿ" ಅಂತ ಯಾರೂ ಹೇಳಬಾರದು ನೋಡಿ, ಅದಕ್ಕೆ ದಿನಾ ನಿಗದಿತ ಸಮಯಕ್ಕೇ ಕ್ಯಾಮೆರಾ ಆನ್ ಮಾಡಿದರು. ಆ ಹುಡುಗಿ ಕಿರುಚಾಡಲಿಲ್ಲ. ಅಳು ಬಂದರೂ ತಡ್ಕೊಳ್ತಿದ್ದಳು, ಮತ್ತೆ ಮತ್ತೆ ಅಮ್ಮನ್ನ ಕೇಳ್ತಿದ್ದಳು. ಅಷ್ಟೇ. ಅದನ್ನ ನೋಡೋದೇ ಕಷ್ಟ.

ಸಿನಿಮಾ ನೋಡಿದ ಹಲವು ಡಾಕ್ಟರ್‌ಗಳಿಗೆ ಸಿಟ್ಟು ಬಂತು. ಆದರೆ ಮಾತು ಶುರುವಾಗಿತ್ತು. 1959ರಲ್ಲಿ ಬ್ರಿಟನ್ ಸರ್ಕಾರದ ಪ್ಲಾಟ್ ವರದಿ ಬಂತು. ಅಪ್ಪ ಅಮ್ಮನ ಭೇಟಿಗೆ ಕಟ್ಟುಪಾಡು ಬೇಡ, ಚಿಕ್ಕ ಮಕ್ಕಳ ಜೊತೆ ತಾಯಿ ಉಳಿಯೋಕೆ ಅವಕಾಶ ಇರಲಿ, ವಾರ್ಡಲ್ಲಿ ಆಟ ಇರಲಿ ಅಂತ ಅದು ಶಿಫಾರಸು ಮಾಡ್ತು.

ಒಂದು ಸಾಲು ನೆನಪಿಟ್ಕೊಳ್ಳಿ, ಕೊನೆಗೆ ಬೇಕಾಗತ್ತೆ: ಸುಮ್ಮನಿರೋ ಮಗು ಆರಾಮಾಗಿದೆ ಅಂತ ಅರ್ಥ ಅಲ್ಲ.

ಭಾಗ 3/9 | ಆರು ಮುಖಗಳು

ಸರಿ, ಮಗುವಿನ ಜೊತೆ ಅಮ್ಮ ಬಂದರು. ಮುಂದಿನ ಪ್ರಶ್ನೆ: ಮಗುವಿಗೆ ಎಷ್ಟು ನೋವಾಗ್ತಿದೆ ಅಂತ ತಿಳಿಯೋದು ಹೇಗೆ?

ದೊಡ್ಡವರಿಗೆ "ಹತ್ತರಲ್ಲಿ ಎಷ್ಟು?" ಅಂತ ಕೇಳಬಹುದು. ನಾಲ್ಕು ವರ್ಷದ ಮಗುವಿಗೆ ಹತ್ತು ಅಂದರೆ ಎಷ್ಟು ಅಂತಾನೇ ಸರಿಯಾಗಿ ಗೊತ್ತಿರಲ್ಲ.

1980ರ ದಶಕದ ಆರಂಭ. ಅಮೆರಿಕದ ಒಕ್ಲಹೋಮಾ ರಾಜ್ಯದ ಟಲ್ಸಾ ಊರಿನ ಒಂದು ಸುಟ್ಟಗಾಯಗಳ ಘಟಕ. ಡೋನಾ ವಾಂಗ್ ಅಲ್ಲಿನ ನರ್ಸಿಂಗ್ ಸಲಹೆಗಾರ್ತಿ. ಕಾನಿ ಬೇಕರ್ ಆಸ್ಪತ್ರೆ ಸೇರಿದ ಮಕ್ಕಳ ಮನಸ್ಸು, ಆಟ, ಭಯ ಇವನ್ನ ನೋಡ್ಕೊಳ್ಳೋ ತಜ್ಞೆ. ಸುಟ್ಟ ಗಾಯದ ಮಕ್ಕಳು ಅಳೋದನ್ನ ದಿನಾ ನೋಡ್ತಿದ್ದ ಇಬ್ಬರೂ, ಮಕ್ಕಳನ್ನೇ ಕೇಳೋಣ ಅಂತ ತೀರ್ಮಾನಿಸಿದರು. ಖಾಲಿ ವೃತ್ತಗಳನ್ನ ಕೊಟ್ಟು, ನೋವಿಲ್ಲದ ಮುಖದಿಂದ ಶುರುಮಾಡಿ ತುಂಬಾ ನೋವಿರೋ ಮುಖದ ತನಕ ಬರೀರಿ ಅಂದರು. ಮಕ್ಕಳು ನಗು ಬರೆದರು, ಸೊಟ್ಟ ಬಾಯಿ ಬರೆದರು, ಕಣ್ಣೀರು ಬರೆದರು. ಅದರಿಂದ ಹುಟ್ಟಿದ್ದೇ ವಾಂಗ್–ಬೇಕರ್ ಮುಖಗಳ ಸ್ಕೇಲ್. ಆರು ಮುಖಗಳು. ಇವತ್ತೂ ಎಷ್ಟೋ ಆಸ್ಪತ್ರೆಗಳ ಗೋಡೆ ಮೇಲೆ ಇದೆ, ಗಮನಿಸಿ ನೋಡಿ.

ನಮ್ಮ ಇಮೋಜಿಗಳನ್ನ ನೆನಪಿಸೋ ಈ ಚಿತ್ರಗಳು ಒಂದು ದೊಡ್ಡ ಬದಲಾವಣೆಯ ಗುರುತು. ನರ್ಸ್ ಅಂದಾಜು, ಡಾಕ್ಟರ್ ಅಂದಾಜು, ಅಪ್ಪನ ಅಂದಾಜು, ಇವೆಲ್ಲದರ ಜೊತೆಗೆ ಈಗ ಮಗುವಿನ ಸ್ವಂತ ಹೇಳಿಕೆಯೂ ದಾಖಲೆ ಆಯ್ತು. ಅಕೌಂಟ್ಸ್ ಓದೋರಿಗೆ ಇದು ಬೇಗ ಅರ್ಥ ಆಗತ್ತೆ. ಲೆಕ್ಕದ ಪುಸ್ತಕಕ್ಕೇ ಹತ್ತದ ಖರ್ಚನ್ನ ಯಾರೂ ಕಡಿಮೆ ಮಾಡೋಕೆ ಹೋಗಲ್ಲ. ಮಕ್ಕಳ ನೋವು ಅಲ್ಲಿಯ ತನಕ ಪುಸ್ತಕದ ಹೊರಗೇ ಇತ್ತು.

ಭಾಗ 4/9 | 1987

ಈ ಭಾಗ ಓದೋಕೆ ಸ್ವಲ್ಪ ಕಷ್ಟ. ಆದರೂ ಬಿಡಬೇಡಿ.

ಮಾತು ಬರೋ ಮಕ್ಕಳಾದರೆ ಮುಖ ತೋರಿಸಿ ಹೇಳಬಹುದು. ಆಗ ತಾನೇ ಹುಟ್ಟಿದ ಕೂಸು? 1980ರ ದಶಕದ ತನಕವೂ ಎಷ್ಟೋ ಕಡೆ ಹಸುಗೂಸುಗಳಿಗೆ, ಅದರಲ್ಲೂ ತಿಂಗಳು ತುಂಬದೆ ಹುಟ್ಟಿದವಕ್ಕೆ, ಸರಿಯಾದ ನೋವುನಿವಾರಕ ಇಲ್ಲದೇ ಆಪರೇಷನ್ ಮಾಡ್ತಿದ್ದರು. ಅಲುಗಾಡದ ಹಾಗೆ ಸ್ನಾಯು ಸಡಿಲಿಸೋ ಔಷಧಿ, ಜೊತೆಗೆ ಹಗುರವಾದ ಅನಿಲ. ಅಷ್ಟೇ. ಅವರೆಲ್ಲ ಕ್ರೂರಿಗಳು ಅಂತಲ್ಲ. ಕೂಸಿನ ನರಮಂಡಲ ಇನ್ನೂ ಬೆಳೆದಿಲ್ಲ, ಅದಕ್ಕೆ ನೋವು ಗೊತ್ತಾಗಲ್ಲ ಅನ್ನೋದು ಆಗಿನ ನಂಬಿಕೆ. ಗಟ್ಟಿ ಔಷಧಿ ಕೊಟ್ಟರೆ ಜೀವಕ್ಕೇ ಅಪಾಯ ಅನ್ನೋ ಭಯವೂ ಇತ್ತು.

ಇದನ್ನ ಪ್ರಶ್ನೆ ಮಾಡಿದವರಲ್ಲಿ ಮುಖ್ಯವಾದ ಹೆಸರು ಕನ್ವಲ್ಜೀತ್ ಸಿಂಗ್ ಆನಂದ್. ಇಂದೋರಿನಲ್ಲಿ ಎಂಬಿಬಿಎಸ್ ಮುಗಿಸಿ, ರೋಡ್ಸ್ ಸ್ಕಾಲರ್‌ಶಿಪ್ ಮೇಲೆ ಆಕ್ಸ್‌ಫರ್ಡ್‌ಗೆ ಹೋದ ಡಾಕ್ಟರ್. ಅಲ್ಲಿ ಅವರೂ ಅವರ ತಂಡದವರೂ ಹೃದಯದ ಹತ್ತಿರದ ರಕ್ತನಾಳದ ಆಪರೇಷನ್ ಆಗಬೇಕಿದ್ದ 16 ಅವಧಿಪೂರ್ವ ಶಿಶುಗಳನ್ನ ಅಧ್ಯಯನ ಮಾಡಿದರು. ಎಲ್ಲರಿಗೂ ಆಗಿನ ಪದ್ಧತಿಯ ಔಷಧಿ. ಅರ್ಧ ಶಿಶುಗಳಿಗೆ ಮಾತ್ರ ಜೊತೆಗೆ ಫೆಂಟನಿಲ್ ಅನ್ನೋ ನೋವುನಿವಾರಕ.

ಫಲಿತಾಂಶ 1987ರಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಬಂತು. ಫೆಂಟನಿಲ್ ಸಿಗದ ಶಿಶುಗಳ ರಕ್ತದಲ್ಲಿ ಒತ್ತಡದ ಹಾರ್ಮೋನುಗಳು ಜೋರಾಗಿ ಏರಿದ್ದವು, ಆಪರೇಷನ್ ನಂತರದ ತೊಂದರೆಗಳೂ ಅವರಿಗೇ ಹೆಚ್ಚು. ಬಾಯಿ ಇಲ್ಲದ ಕೂಸಿನ ಪರವಾಗಿ ಅದರ ರಕ್ತವೇ ಸಾಕ್ಷಿ ಹೇಳ್ತು. ಅದೇ ವರ್ಷ ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿಯೂ ಹಸುಗೂಸುಗಳಿಗೆ ಅರಿವಳಿಕೆ ಕೊಡಬೇಕು ಅನ್ನೋ ನಿಲುವು ಪ್ರಕಟಿಸ್ತು.

1987 ಅಂದರೆ ನಮ್ಮ ಅಪ್ಪ ಅಮ್ಮ ಸ್ಕೂಲಿಗೆ ಹೋಗ್ತಿದ್ದ ಕಾಲ. ಅಷ್ಟು ಇತ್ತೀಚಿನದು.

ಭಾಗ 5/9 | ಚಂದಮಾಮನ ವಿಜ್ಞಾನ

ನೋವು ನಿಜ ಅಂತ ಒಪ್ಕೊಂಡ ಮೇಲೆ ಮುಂದಿನ ಕೆಲಸ ಕಡಿಮೆ ಮಾಡೋದು. ಔಷಧಿ ಇದೆ. ಆದರೆ ಎಲ್ಲ ಕಡೆ ಔಷಧಿ ಸಾಲಲ್ಲ. ಹಾಗಾದರೆ ಔಷಧಿ ಬಿಟ್ಟು ಏನಿದೆ?

ಅಜ್ಜಿ ಹತ್ರ ಉತ್ತರ ಇತ್ತು. ಮಗು ಹಟ ಮಾಡಿದರೆ ಅಂಗಳಕ್ಕೆ ಎತ್ಕೊಂಡು ಹೋಗಿ ಚಂದಮಾಮನ್ನ ತೋರಿಸೋದು. ಮಗು ಆಕಾಶ ನೋಡ್ತಾ ಇರತ್ತೆ, ತುತ್ತು ಒಳಗೆ ಹೋಗತ್ತೆ. ಮೋಸ ಅಂತೀರಾ? ಅಲ್ಲ. ಗಮನವನ್ನ ಬೇರೆ ಕಡೆ ಖರ್ಚು ಮಾಡಿಸೋದು.

ಕಬಡ್ಡಿ ಆಡೋ ಗೆಳೆಯರನ್ನ ಕೇಳಿ. ಮೊಣಕಾಲು ಕಿತ್ತು ರಕ್ತ ಬಂದಿರತ್ತೆ, ಆದರೆ ಉರಿ ಗೊತ್ತಾಗೋದು ಮ್ಯಾಚ್ ಮುಗಿದ ಮೇಲೆ. ಗಾಯ ಅದೇ, ನೋವು ಮಾತ್ರ ತಡವಾಗಿ ಬಂತು. ಯಾಕೆ?

1965ರಲ್ಲಿ ರೊನಾಲ್ಡ್ ಮೆಲ್ಜಾಕ್ ಮತ್ತು ಪ್ಯಾಟ್ರಿಕ್ ವಾಲ್ 'ಸೈನ್ಸ್' ಪತ್ರಿಕೆಯಲ್ಲಿ ಒಂದು ಸಿದ್ಧಾಂತ ಮಂಡಿಸಿದರು. ಗಾಯದಿಂದ ಮಿದುಳಿಗೆ ನೋವು ನೇರವಾಗಿ ತಂತಿ ಎಳೆದ ಹಾಗೆ ಹೋಗಲ್ಲ. ಬೆನ್ನುಹುರಿಯಲ್ಲಿ ಒಂದು ಗೇಟ್ ಇದ್ದ ಹಾಗೆ. ಅದು ಎಷ್ಟು ತೆರೆಯಬೇಕು ಅನ್ನೋದನ್ನ ಕೆಳಗಿನಿಂದ ಬರೋ ಸಂಕೇತಗಳಷ್ಟೇ ಅಲ್ಲ, ಮೇಲಿನಿಂದ ಮಿದುಳು ಕಳಿಸೋ ಆದೇಶಗಳೂ ನಿರ್ಧರಿಸ್ತವೆ. ಭಯ, ಗಮನ, ಹಳೆಯ ನೆನಪು, ಎಲ್ಲಕ್ಕೂ ಅಲ್ಲಿ ಪಾತ್ರ ಇದೆ. ಆ ಸಿದ್ಧಾಂತದ ಕೆಲವು ವಿವರಗಳು ಆಮೇಲೆ ತಿದ್ದುಪಡಿ ಆದವು, ಮೂಲ ವಿಚಾರ ಉಳೀತು.

ನಮ್ಮ ಬಿಕಾಂ ಭಾಷೇಲಿ ಹೇಳ್ತೀನಿ. ಗಮನ ಅನ್ನೋದು ಸೀಮಿತ ಬಜೆಟ್. ನೋವಿಗೂ ಆ ಬಜೆಟ್ಟಿಂದಲೇ ಹಣ ಬೇಕು. ಬೇರೆ ಯಾವುದೋ ವಿಭಾಗ ಎಲ್ಲ ಖರ್ಚು ಮಾಡಿಬಿಟ್ಟರೆ ನೋವಿಗೆ ಸಿಗೋದು ಚಿಲ್ಲರೆ. ಇಲ್ಲಿಂದ ಮುಂದೆ ಸಂಶೋಧಕರು ಕೇಳಿದ್ದು ಇಷ್ಟೇ: ಚಂದಮಾಮನಿಗಿಂತ ಜೋರಾಗಿ ಗಮನ ಸೆಳೆಯೋದು ಏನಿದೆ?

ಭಾಗ 6/9 | ಜೇಡದ ಅಡುಗೆಮನೆ

1996, ಅಮೆರಿಕದ ಸಿಯಾಟಲ್. ವಾಷಿಂಗ್ಟನ್ ವಿಶ್ವವಿದ್ಯಾಲಯದ ಲ್ಯಾಬಲ್ಲಿ ಹಂಟರ್ ಹಾಫ್‌ಮನ್ ಅನ್ನೋ ಮನೋವಿಜ್ಞಾನಿ ವಿಆರ್ ಮೇಲೆ ಕೆಲಸ ಮಾಡ್ತಿದ್ದರು. ಅದೇ ಊರಿನ ಹಾರ್ಬರ್‌ವ್ಯೂ ಆಸ್ಪತ್ರೆಯ ಸುಟ್ಟಗಾಯಗಳ ಘಟಕದಲ್ಲಿ ಡೇವಿಡ್ ಪ್ಯಾಟರ್ಸನ್ ಇನ್ನೊಬ್ಬ ಮನೋವಿಜ್ಞಾನಿ, ಹಿಪ್ನಾಸಿಸ್‌ನಿಂದ ನೋವು ಕಡಿಮೆ ಮಾಡೋ ಪ್ರಯತ್ನದಲ್ಲಿದ್ದವರು. ಇಬ್ಬರೂ ಕೈ ಜೋಡಿಸಿದರು.

ಸುಟ್ಟ ಗಾಯವೇ ಯಾಕೆ? ಅದರಲ್ಲಿ ಸುಟ್ಟ ದಿನಕ್ಕೆ ನೋವು ಮುಗಿಯಲ್ಲ. ದಿನಾ ಬ್ಯಾಂಡೇಜ್ ಬಿಚ್ಚಬೇಕು, ಸತ್ತ ಚರ್ಮ ತೆಗೀಬೇಕು, ತೊಳೀಬೇಕು, ಮತ್ತೆ ಕಟ್ಟಬೇಕು. ವಾರಗಟ್ಟಲೆ. ಮಲಗಿರೋವಾಗ ಮಾರ್ಫಿನ್ ಥರದ ಔಷಧಿ ಕೆಲಸ ಮಾಡತ್ತೆ. ಡ್ರೆಸ್ಸಿಂಗ್ ಹೊತ್ತಲ್ಲಿ ಎಷ್ಟೋ ಜನಕ್ಕೆ ಅದು ಸಾಲಲ್ಲ.

2000ದಲ್ಲಿ 'ಪೇನ್' ಅನ್ನೋ ಪತ್ರಿಕೆಯಲ್ಲಿ ಇವರ ವರದಿ ಬಂತು. ಇದ್ದದ್ದು ಇಬ್ಬರೇ ಹುಡುಗರು, 16 ಮತ್ತು 17 ವರ್ಷ. ಒಬ್ಬನ ಕಾಲು ಸುಟ್ಟಿತ್ತು. ಇನ್ನೊಬ್ಬನ ಮೈಯಲ್ಲಿ 33.5% ಸುಟ್ಟಿತ್ತು, ಮುಖವೂ ಸೇರಿ. ಔಷಧಿ ಎಂದಿನಂತೆ ಕೊಟ್ಟರು. ಡ್ರೆಸ್ಸಿಂಗ್ ನಡೆಯೋವಾಗ ಸ್ವಲ್ಪ ಹೊತ್ತು ನಿಂಟೆಂಡೊ ವಿಡಿಯೊ ಗೇಮ್, ಸ್ವಲ್ಪ ಹೊತ್ತು ವಿಆರ್.

ಆ ವಿಆರ್ ಲೋಕ ನೋವಿಗೆ ಅಂತ ಮಾಡಿದ್ದೇ ಅಲ್ಲ! ಜೇಡ ಕಂಡರೆ ಹೆದರೋರ ಚಿಕಿತ್ಸೆಗೆ ಮಾಡಿದ್ದ ಒಂದು ಅಡುಗೆಮನೆ. ಅದರೊಳಗೆ ಓಡಾಡಬಹುದು, ಪಾತ್ರೆ ಎತ್ತಬಹುದು, ಜೇಡ ಮುಟ್ಟಬಹುದು.

100ರ ಅಳತೆಯಲ್ಲಿ ಮೊದಲ ಹುಡುಗನ ನೋವು ಗೇಮ್ ಆಡೋವಾಗಿಗಿಂತ ವಿಆರ್‌ನಲ್ಲಿ 80 ಅಂಕ ಇಳೀತು. "ನೋವಿನ ಬಗ್ಗೆ ಎಷ್ಟು ಹೊತ್ತು ಯೋಚನೆ ಮಾಡ್ದೆ?" ಅನ್ನೋ ಪ್ರಶ್ನೆಗೆ ಅವನ ಉತ್ತರ 93 ಅಂಕ ಇಳೀತು. ಎರಡನೆಯವನ ನೋವು 47 ಅಂಕ ಇಳೀತು. ಇಬ್ಬರಿಂದ ಏನೂ ಸಾಬೀತಾಗಲ್ಲ, ಅದು ಬರೆದವರಿಗೂ ಗೊತ್ತಿತ್ತು. ಆದರೆ ಬಾಗಿಲು ತೆರೀತು.

ಭಾಗ 7/9 | ಬೆಂಕಿಗೆ ಹಿಮ

ಸುಟ್ಟು ಮಲಗಿರೋ ಮಗುವಿಗೆ ಯಾವ ಲೋಕ ತೋರಿಸಬೇಕು? ಹಾಫ್‌ಮನ್ ಮತ್ತು ಸಂಗಡಿಗರು 'ಸ್ನೋವರ್ಲ್ಡ್' ಕಟ್ಟಿದರು. ಸುಟ್ಟ ಗಾಯದವರಿಗೆ ಅಂತಲೇ ಮಾಡಿದ ಮೊದಲ ವಿಆರ್ ಲೋಕ. ಹಿಮದ ಕಣಿವೆ, ಕೆಳಗೆ ತಣ್ಣನೆ ನದಿ, ದಂಡೆ ಮೇಲೆ ಹಿಮಮಾನವರು, ಪೆಂಗ್ವಿನ್‌ಗಳು. ಮಗು ತೇಲ್ತಾ ಹೋಗಬೇಕು, ಹಿಮದ ಉಂಡೆ ಎಸೀಬೇಕು. ಬೆಂಕಿಯ ನೆನಪಿಗೆ ಪೂರ್ತಿ ಉಲ್ಟಾ.

"ಸುಮ್ನೆ ಮಕ್ಕಳು ಹಾಗೆ ಹೇಳ್ತಾರೆ" ಅನ್ನೋರಿಗೆ 2004ರಲ್ಲಿ ಒಂದು ಉತ್ತರ ಬಂತು. ಆರೋಗ್ಯವಂತ ಸ್ವಯಂಸೇವಕರ ಪಾದಕ್ಕೆ ಬಿಸಿ ತಾಗಿಸಿ, ಸ್ಕ್ಯಾನರ್ ಒಳಗೆ ಅವರ ಮಿದುಳು ನೋಡಿದರು. ವಿಆರ್ ಇದ್ದಾಗ ನೋವಿಗೆ ಸಂಬಂಧಿಸಿದ ಐದು ಭಾಗಗಳ ಚಟುವಟಿಕೆ ಇಳಿದಿತ್ತು. ಅಂದರೆ ನೋವು ಮರೆತ ಹಾಗೆ ನಟನೆ ಅಲ್ಲ, ಮಿದುಳಲ್ಲೇ ಬದಲಾವಣೆ.

ಆಮೇಲೆ ಬೇರೆ ಊರುಗಳಿಗೂ ಹಬ್ಬಿತು. ಅಟ್ಲಾಂಟಾದಲ್ಲಿ ಕ್ಯಾನ್ಸರ್ ಇದ್ದ ಮಕ್ಕಳಿಗೆ ಎದೆಯ ಪೋರ್ಟ್‌ಗೆ ಸೂಜಿ ಹಾಕೋವಾಗ, ಮೃಗಾಲಯದಲ್ಲಿ ಗೊರಿಲ್ಲಾಗಳ ನಡುವೆ ಓಡಾಡೋ ವಿಆರ್ ಕೊಟ್ಟರು. 2005ರಲ್ಲಿ ಆಸ್ಟ್ರೇಲಿಯಾದ ಅಡಿಲೇಡ್‌ನಿಂದ ಬಂದ ವರದಿಯಲ್ಲಿ ಸುಟ್ಟ ಗಾಯದ ಏಳು ಮಕ್ಕಳಿದ್ದರು. ಬರೀ ಔಷಧಿ ಇದ್ದಾಗ ನೋವು ಸರಾಸರಿ 4.1, ಔಷಧಿ ಜೊತೆ ವಿಆರ್ ಇದ್ದಾಗ 1.3. ಅಳತೆ ಯಾವುದು ಗೊತ್ತಾ? ಮುಖಗಳ ಸ್ಕೇಲ್. ಮಕ್ಕಳೇ ಮುಖ ತೋರಿಸಿ ಹೇಳಿದ್ದು. 2006ರಲ್ಲಿ ಲಾಸ್ ಏಂಜಲೀಸ್‌ನಲ್ಲಿ ಸ್ಕ್ಯಾನಿಂಗ್‌ಗೆ ಮೊದಲು ಕೈಗೆ ಡ್ರಿಪ್ ಸೂಜಿ ಹಾಕಿಸ್ಕೊಳ್ಳೋ 20 ಮಕ್ಕಳನ್ನ ಎರಡು ಗುಂಪು ಮಾಡಿದರು. ಬರೀ ಮರಗಟ್ಟಿಸೋ ಸ್ಪ್ರೇ ಇದ್ದ ಗುಂಪಲ್ಲಿ, ನೋವಿನಿಂದಾಗೋ ಸಂಕಟ ಸೂಜಿ ಹಾಕಿದ ಮೇಲೆ ನಾಲ್ಕು ಪಟ್ಟಾಯ್ತು. ವಿಆರ್ ಗುಂಪಲ್ಲಿ ಹೇಳ್ಕೊಳ್ಳೋ ಬದಲಾವಣೆ ಇಲ್ಲ.

ಎಲ್ಲ ಕಡೆ ಒಂದು ಪದ ಗಮನಿಸಿ: "ಜೊತೆ". ಔಷಧಿ ಬದಲು ವಿಆರ್ ಅಲ್ಲ, ಔಷಧಿ ಜೊತೆ ವಿಆರ್.

ಭಾಗ 8/9 | ರೇಟ್ ಎಷ್ಟು?

ಬಿಕಾಂ ಓದ್ತಾ ಇದ್ದು ಈ ಪ್ರಶ್ನೆ ಕೇಳದೇ ಇರೋಕಾಗತ್ತಾ?

ಆರಂಭದ ಆ ಸಿಸ್ಟಮ್‌ಗಳಿಗೆ ಹತ್ತಾರು ಸಾವಿರ ಡಾಲರ್. ಹೆಲ್ಮೆಟ್ ಭಾರ, ಕಂಪ್ಯೂಟರ್ ದೊಡ್ಡದು, ಪಕ್ಕದಲ್ಲಿ ನಿಂತು ನಡೆಸೋಕೆ ತಿಳಿದವರು ಬೇಕು. ಇನ್ನೊಂದು ತೊಡಕು ನೀರು. ಸುಟ್ಟ ಗಾಯವನ್ನ ಎಷ್ಟೋ ಸಲ ನೀರಿನ ತೊಟ್ಟಿಯಲ್ಲಿ ತೊಳೀತಾರೆ. ತಲೆ ಮೇಲೆ ಕರೆಂಟ್ ಓಡೋ ಹೆಲ್ಮೆಟ್ ಇಟ್ಟು ತೊಟ್ಟೀಲಿ ಕೂರಿಸೋಕಾಗಲ್ಲ. ಅದಕ್ಕೆ ಚಿತ್ರವನ್ನ ಬೆಳಕಿನ ರೂಪದಲ್ಲಿ ಫೈಬರ್ ಮೂಲಕ ತರೋ ವಿಶೇಷ ಹೆಲ್ಮೆಟ್ ಮಾಡಿದರು. 2008ರಲ್ಲಿ ಪ್ರಕಟವಾದ ಆ ಪ್ರಯೋಗದಲ್ಲಿ 11 ರೋಗಿಗಳ ಅತಿ ಹೆಚ್ಚಿನ ನೋವು ಸರಾಸರಿ 7.6ರಿಂದ 5.1ಕ್ಕೆ ಇಳೀತು. ಕೆಲಸ ಮಾಡ್ತು, ಆದರೆ ಅಂಥ ಹೆಲ್ಮೆಟ್ ಜಿಲ್ಲಾಸ್ಪತ್ರೆಗೆ ಬರೋ ವಸ್ತು ಅಲ್ಲ.

ಬೆಲೆ ಇಳಿಸಿದ್ದು ಆಸ್ಪತ್ರೆಗಳಲ್ಲ, ಗೇಮ್ ಆಡೋರು. 2012ರಲ್ಲಿ ಆಕ್ಯುಲಸ್ ಅನ್ನೋ ಕಂಪನಿ ಕಿಕ್‌ಸ್ಟಾರ್ಟರ್‌ನಲ್ಲಿ ಜನರಿಂದ ದುಡ್ಡು ಎತ್ತಿತು. 2014ರಲ್ಲಿ ಫೇಸ್‌ಬುಕ್ ಅದನ್ನ ಸುಮಾರು 200 ಕೋಟಿ ಡಾಲರ್‌ಗೆ ಕೊಂಡ್ಕೊಳ್ತು. 2016ರಲ್ಲಿ ಹೆಡ್‌ಸೆಟ್ ಮಾರುಕಟ್ಟೆಗೆ ಬಂದಾಗ ಬೆಲೆ 599 ಡಾಲರ್, ಅದಕ್ಕೊಂದು ದುಬಾರಿ ಕಂಪ್ಯೂಟರ್ ಬೇರೆ ಬೇಕಿತ್ತು. 2019ರಲ್ಲಿ ಕಂಪ್ಯೂಟರೇ ಬೇಡದ ಕ್ವೆಸ್ಟ್ ಬಂತು, 399 ಡಾಲರ್. ಗೂಗಲ್ ಅಂತೂ 2014ರಲ್ಲೇ ರಟ್ಟಿನ ಡಬ್ಬಿಗೆ ಫೋನ್ ಸಿಕ್ಕಿಸಿ ತೋರಿಸಿತ್ತು. ಸ್ಕೇಲ್ ಹೆಚ್ಚಾದರೆ ಯೂನಿಟ್ ಕಾಸ್ಟ್ ಇಳಿಯತ್ತೆ ಅನ್ನೋ ಪಾಠಕ್ಕೆ ಇದಕ್ಕಿಂತ ಉದಾಹರಣೆ ಬೇಕಾ?

ಆದರೆ ಹೆಡ್‌ಸೆಟ್ ಬೆಲೆ ಮಾತ್ರ ಲೆಕ್ಕ ಅಲ್ಲ. ಪ್ರತಿ ಮಗುವಿನ ನಂತರ ಅದನ್ನ ಸೋಂಕು ಹರಡದ ಹಾಗೆ ಕ್ಲೀನ್ ಮಾಡಬೇಕು. ಚಿಕ್ಕ ತಲೆಗೆ ಅದು ಕೂರಲ್ಲ. ಮುಖ ಸುಟ್ಟಿದ್ದರೆ ಕಟ್ಟೋಕಾಗಲ್ಲ. ಕೆಲವರಿಗೆ ವಾಕರಿಕೆ ಬರತ್ತೆ. ಎಲ್ಲಕ್ಕಿಂತ ಮುಖ್ಯ, ಮಗುವಿನ ಪಕ್ಕ ನಿಂತು ವಿವರಿಸೋ ಒಬ್ಬ ಮನುಷ್ಯ ಬೇಕು. ಆ ಸಂಬಳದ ಖರ್ಚು ಯಾವ ಗೇಮ್ ಕಂಪನಿಯೂ ಇಳಿಸಿಲ್ಲ.

ಭಾಗ 9/9 | ಕೊನೆಗೆ ಏನು ಉಳಿಯಿತು

ಇಷ್ಟೆಲ್ಲ ಹೇಳಿ "ವಿಆರ್ ಜಿಂದಾಬಾದ್" ಅಂತ ಮುಗಿಸಿದರೆ ತಪ್ಪಾಗತ್ತೆ.

2020ರಲ್ಲಿ ಕಾಕ್ರೇನ್ ಅನ್ನೋ ಸಂಸ್ಥೆ, ವೈದ್ಯಕೀಯ ಸಂಶೋಧನೆಗಳನ್ನ ಒಟ್ಟುಗೂಡಿಸಿ ಪರಿಶೀಲಿಸೋ ಸಂಸ್ಥೆ, ಮಕ್ಕಳ ನೋವು ಮತ್ತು ವಿಆರ್ ಬಗ್ಗೆ ವರದಿ ಕೊಡ್ತು. 17 ಪ್ರಯೋಗಗಳು, 4ರಿಂದ 18 ವರ್ಷದ 1008 ಮಕ್ಕಳು. ತೀರ್ಪು? ಕೆಲವು ಕಡೆ ಲಾಭ ಕಾಣತ್ತೆ, ಕೆಲವು ಕಡೆ ಇಲ್ಲ, ಪುರಾವೆಯ ಖಚಿತತೆ ಕಡಿಮೆ. ಪ್ರಯೋಗಗಳು ಚಿಕ್ಕವು. ಕಣ್ಣಿಗೆ ಹೆಡ್‌ಸೆಟ್ ಇದೆಯೋ ಇಲ್ಲವೋ ಅನ್ನೋದನ್ನ ಮಗುವಿಂದ ಮುಚ್ಚಿಡೋಕೂ ಆಗಲ್ಲ, ಹಾಗಾಗಿ ಪರೀಕ್ಷೆ ಮಾಡೋದೇ ಕಷ್ಟ. ಇನ್ನೂ ದೊಡ್ಡ, ಒಳ್ಳೆಯ ಪ್ರಯೋಗಗಳು ಬೇಕು.

ಇದನ್ನ ಸೋಲು ಅಂತ ಓದಬೇಡಿ. ಮಕ್ಕಳ ನೋವನ್ನ ಇಷ್ಟು ಶಿಸ್ತಿನಿಂದ ಅಳೀತಾ ಇದ್ದಾರೆ ಅನ್ನೋದೇ 1987ರಿಂದ ಎಷ್ಟು ದೂರ ಬಂದಿದ್ದೀವಿ ಅಂತ ತೋರಿಸತ್ತೆ.

ವಿಶ್ವ ಆರೋಗ್ಯ ಸಂಸ್ಥೆ ಪ್ರಕಾರ ಭಾರತದಲ್ಲಿ ಪ್ರತಿ ವರ್ಷ 10 ಲಕ್ಷಕ್ಕೂ ಹೆಚ್ಚು ಜನಕ್ಕೆ ಮಧ್ಯಮ ಅಥವಾ ತೀವ್ರ ಸುಟ್ಟ ಗಾಯ ಆಗತ್ತೆ. ಅವರಲ್ಲಿ ಮಕ್ಕಳೂ ಇದ್ದಾರೆ. ಎಲ್ಲರಿಗೂ ಹೆಡ್‌ಸೆಟ್ ನಾಳೆಯೇ ಬರಲ್ಲ. ಆದರೆ ಸಾಕಷ್ಟು ಔಷಧಿ, ಸೂಜಿಗೆ ಒಂದು ಗಂಟೆ ಮೊದಲು ಹಚ್ಚೋ ಮರಗಟ್ಟಿಸೋ ಮುಲಾಮು, ಮಲಗಿಸಿ ಅದುಮಿ ಹಿಡಿಯೋ ಬದಲು ಅಮ್ಮನ ಮಡಿಲು, ಊದೋಕೆ ಒಂದು ಸೋಪಿನ ಗುಳ್ಳೆ, ಒಂದು ಹಾಡು, ಇವಕ್ಕೆ ಸಿಯಾಟಲ್ ಬೇಕಾಗಿಲ್ಲ.

ನನ್ನ ಭಯ ಬೇರೆ. ಅಳು ಅಂದರೆ ಬರೀ ಗಲಾಟೆ ಅಂತ ತಿಳಿಯೋ ಕಡೆ ಹೆಡ್‌ಸೆಟ್ ಬಂದರೆ, ಅದು ಮಗುವನ್ನ ಸುಮ್ಮನಿರಿಸೋ ಇನ್ನೊಂದು ಯಂತ್ರ ಆಗತ್ತೆ, ಅಷ್ಟೇ. ಔಷಧಿ ಉಳಿಸೋಕೆ, ಟೈಮ್ ಉಳಿಸೋಕೆ. 1952ರ ವಾರ್ಡಲ್ಲೂ ಮಕ್ಕಳು ಸುಮ್ಮನೇ ಇದ್ದರಲ್ಲ. ನಂಬಿಕೆ ಮೊದಲು, ಯಂತ್ರ ಆಮೇಲೆ. ಈ ಕ್ರಮ ತಿರುಗಿದರೆ ಇಷ್ಟು ವರ್ಷದ ಜಗಳ ವ್ಯರ್ಥ.

ನಮ್ಮಲ್ಲಿ ಎಷ್ಟೋ ಜನ ಅಕ್ಕ, ಅಣ್ಣ, ಚಿಕ್ಕಪ್ಪ, ಅತ್ತೆ ಆಗಿದ್ದೀವಿ, ಇಲ್ಲಾ ಆಗ್ತೀವಿ. ಮುಂದಿನ ಸಲ ಮನೆ ಮಗುವನ್ನ ಇಂಜೆಕ್ಷನ್‌ಗೆ ಕರ್ಕೊಂಡು ಹೋದಾಗ "ನೋವಾಗಲ್ಲ" ಅನ್ನಬೇಡಿ. "ಸ್ವಲ್ಪ ನೋವಾಗತ್ತೆ, ನಾನಿದ್ದೀನಿ, ಅಲ್ಲಿ ನೋಡೋಣ ಬಾ" ಅನ್ನಿ. ಖರ್ಚು ಸೊನ್ನೆ.

ಚಿಕ್ಕವರಿದ್ದಾಗ ನಿಮಗೆ ಇಂಜೆಕ್ಷನ್ ಹೊತ್ತಲ್ಲಿ ಏನು ಹೇಳಿ ಸಮಾಧಾನ ಮಾಡ್ತಿದ್ದರು? ಕಾಮೆಂಟಲ್ಲಿ ಬರೀರಿ, ಎಲ್ಲಾನೂ ಓದ್ತೀನಿ. ನರ್ಸಿಂಗ್ ಓದ್ತಿರೋ ಗೆಳೆಯರಿದ್ದರೆ ಅವರಿಗೆ ತಪ್ಪದೇ ಕಳಿಸಿ.

#ಕನ್ನಡದಲ್ಲಿ_ಇತಿಹಾಸ #ಮಕ್ಕಳ_ನೋವು #ವಿಆರ್ #ಓದಿ_ಹಂಚಿ